ಒಂದೇ ಚೌಕದ ಕಾರ್ಟೂನ್: ಐಡಿಯಾದಿಂದ ಅಚ್ಚಿನವರೆಗೆ ಹಂತ ಹಂತವಾಗಿ

ಕಾರ್ಟೂನ್ ಬರೆಯಲು ಹೊರಟವರಲ್ಲಿ ಹೆಚ್ಚಿನವರದ್ದು ಒಂದೇ ದೂರು. "ಚಿತ್ರ ಚೆನ್ನಾಗಿದೆ ಅಂತಾರೆ, ಆದ್ರೆ ಯಾರೂ ನಗಲ್ಲ." ಆಗ ಅವರು ಮಾಡುವ ಮೊದಲ ಕೆಲಸ ಚಿತ್ರವನ್ನು ಇನ್ನೂ ತಿದ್ದುವುದು. ಮೂಗು ಉದ್ದ ಮಾಡುತ್ತಾರೆ, ಹೊಟ್ಟೆ ದಪ್ಪ ಮಾಡುತ್ತಾರೆ, ಬೆವರಿನ ಹನಿ ಸೇರಿಸುತ್ತಾರೆ. ಆದರೂ ಯಾರೂ ನಗಲ್ಲ.

ತೊಂದರೆ ಸಾಮಾನ್ಯವಾಗಿ ಗೆರೆಯಲ್ಲಿ ಇರುವುದಿಲ್ಲ, ಕೆಲಸದ ಕ್ರಮದಲ್ಲಿ ಇರುತ್ತದೆ. ಕೆಲವರು ಮೊದಲು ಚಿತ್ರ ಬರೆದುಬಿಡುತ್ತಾರೆ, ಆಮೇಲೆ ಕೆಳಗೆ ಏನು ಹಾಕೋದು ಅಂತ ತಲೆ ಕೆರೆದುಕೊಳ್ಳುತ್ತಾರೆ. ಇನ್ನು ಕೆಲವರು ಎಲ್ಲೋ ಕೇಳಿದ ಜೋಕಿನ ಮೇಲೆ ಇಬ್ಬರನ್ನು ಸುಮ್ನೆ ನಿಲ್ಲಿಸುತ್ತಾರೆ. ಎರಡೂ ಕೆಡುವುದು ಒಂದೇ ಕಾರಣಕ್ಕೆ. ಒಂದೇ ಚೌಕದ ಕಾರ್ಟೂನಿನಲ್ಲಿ ಚಿತ್ರ ಅರ್ಧ ಹೇಳಬೇಕು, ಮಾತು ಇನ್ನರ್ಧ ಹೇಳಬೇಕು, ನಡುವಿನ ತುಣುಕನ್ನು ಓದುಗನೇ ಜೋಡಿಸಿಕೊಳ್ಳಬೇಕು. ಜೋಡಿಸಿಕೊಂಡ ಆ ಕ್ಷಣಕ್ಕೇ ಅವನು ನಗುವುದು. ನೀವೇ ಜೋಡಿಸಿ ಕೈಗೆ ಕೊಟ್ಟರೆ ಅವನಿಗೆ ಮಾಡಲು ಏನೂ ಉಳಿಯುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಉದ್ದಕ್ಕೂ ಒಂದೇ ಕಾರ್ಟೂನನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಜೇಬಿನಲ್ಲಿ ಹಿಡಿಸುವ ನೋಟ್‌ಬುಕ್ ಒಂದು. ರಫ್ ಮಾಡಲು ಅಗ್ಗದ ಬಿಳಿ ಹಾಳೆ, 2ಬಿ ಪೆನ್ಸಿಲ್, ರಬ್ಬರ್. ಫೈನಲ್‌ಗೆ ಇಂಕು ಹರಡದ ದಪ್ಪ ಹಾಳೆ, ನೀರು ತಾಗಿದರೆ ಕದಡದ ಕಪ್ಪು ಇಂಕಿನ ಪೆನ್ನುಗಳು. 0.3, 0.5, 0.8 ಮಿಲಿಮೀಟರ್ ಅಳತೆಯ ಮೂರು ಪೆನ್ ಇದ್ದರೆ ಧಾರಾಳ. ಟ್ಯಾಬ್ಲೆಟ್‌ನಲ್ಲಿ ಬರೆಯುವವರೂ ರಫ್ ಅನ್ನು ಕಾಗದದ ಮೇಲೇ ಮಾಡುವುದು ಒಳ್ಳೆಯದು. ಪರದೆಯ ಮೇಲೆ ಹಿಗ್ಗಿಸುತ್ತಾ ಕುಗ್ಗಿಸುತ್ತಾ ಕೂತರೆ, ಅಚ್ಚಿನಲ್ಲಿ ಚಿತ್ರ ಎಷ್ಟು ಸಣ್ಣದಾಗುತ್ತದೆ ಅನ್ನುವುದೇ ಮರೆತುಹೋಗುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾಗಿ, ನಿಮ್ಮನ್ನು ಮೆಚ್ಚಿಸಬೇಕಾದ ಹಂಗಿಲ್ಲದ ಇಬ್ಬರು ಬೇಕು. ಅವರ ಕೆಲಸ ಏಳನೇ ಹಂತದಲ್ಲಿ ಬರುತ್ತದೆ.

## ಹಂತ 1: ವಿಷಯ ಬಿಡಿ, ಕಿರಿಕಿರಿ ಹಿಡಿಯಿರಿ

"ಇವತ್ತು ಪರಿಸರದ ಮೇಲೆ ಒಂದು ಕಾರ್ಟೂನ್ ಮಾಡೋಣ" ಅಂತ ಕೂತರೆ ಬರುವುದು ಪೋಸ್ಟರ್. ವಿಷಯ ದೊಡ್ಡದಾದಷ್ಟೂ ಕೈಗೆ ಸಿಗುವುದು ಸವೆದ ಚಿತ್ರಗಳೇ: ಅಳುವ ಭೂಮಿ, ಕೊಡಲಿ ಹಿಡಿದ ಮನುಷ್ಯ. ಅದರ ಬದಲು ದಿನಾ ಚುಚ್ಚುವ ಒಂದು ಸಣ್ಣ ಕಿರಿಕಿರಿ ಹುಡುಕಿ. ಲಿಫ್ಟ್ ಬಟನ್ ಆಗಲೇ ಹೊತ್ತಿಕೊಂಡಿದ್ದರೂ ಬಂದವರೆಲ್ಲ ಇನ್ನೊಮ್ಮೆ ಒತ್ತುವುದು. ಮೀಟಿಂಗ್ ಯಾವಾಗ ಅಂತ ತೀರ್ಮಾನಿಸಲು ಇನ್ನೊಂದು ಮೀಟಿಂಗ್ ಕರೆಯುವುದು.

ನೋಟ್‌ಬುಕ್‌ನಲ್ಲಿ ಇಂಥವನ್ನು ಒಂದೊಂದು ಸಾಲಿನಲ್ಲಿ ಬರೆದಿಡಿ. ಅಲ್ಲೇ ಜೋಕು ಮಾಡಲು ಹೋಗಬೇಡಿ. ಇದು ಕೂಡಿಡುವ ಹೊತ್ತು ಅಷ್ಟೇ.

ನಮ್ಮ ಉದಾಹರಣೆಗೆ ಆರಿಸಿಕೊಂಡ ಸಾಲು: "ಲೇಟಾಗಿ ಬಂದವನು ಲೇಟೇ ಆಗಿಲ್ಲ ಅಂತ ವಾದ ಮಾಡ್ತಾನೆ."

ಎಚ್ಚರಿಕೆಯ ಗುರುತು: ನಿಮ್ಮ ಸಾಲಿನಲ್ಲಿ 'ಸಮಾಜ', 'ವ್ಯವಸ್ಥೆ', 'ಇಂದಿನ ಯುವಜನತೆ' ಅನ್ನುವಂಥ ಪದ ಬಂದರೆ ಅದು ಭಾಷಣದ ಸಾಲು. ಅದನ್ನು ಪಕ್ಕಕ್ಕಿಡಿ.

## ಹಂತ 2: ಕಿರಿಕಿರಿಯನ್ನು ತಪ್ಪು ಜಾಗಕ್ಕೆ ಒಯ್ಯಿರಿ

ಲೇಟಾಗಿ ಬಂದವನನ್ನು ಆಫೀಸಿನಲ್ಲಿ ಬಾಸ್ ಮುಂದೆ ನಿಲ್ಲಿಸಿದರೆ ಅದು ನಡೆದ ಸಂಗತಿಯ ವರದಿ. ನಗು ಬೇಕಾದರೆ ಏನಾದರೂ ಒಂದು ಜಾಗ ತಪ್ಪಬೇಕು. ತಪ್ಪಿಸುವ ದಾರಿ ಹಲವು ಇವೆ. ಇಲ್ಲಿ ಮೂರು.

ಜಾಗ ಬದಲಿಸುವುದು ಮೊದಲನೆಯದು. ಅದೇ ವರ್ತನೆಯನ್ನು, ಅದು ಅತಿ ಹೆಚ್ಚು ಇಕ್ಕಟ್ಟಾಗುವ ಅಥವಾ ಅತಿ ಹೆಚ್ಚು ಸುಲಭವಾಗುವ ಕಡೆಗೆ ಒಯ್ಯಿರಿ. ಪಾತ್ರ ಅದಲುಬದಲು ಮಾಡುವುದು ಎರಡನೆಯದು: ರೋಗಿ ಡಾಕ್ಟರಿಗೆ ಬುದ್ಧಿ ಹೇಳುವುದು, ನಾಯಿ ಯಜಮಾನನನ್ನು ಕಟ್ಟಿಹಾಕುವುದು. ಇದು ಬೇಗ ಹಳಸುತ್ತದೆ, ಹುಷಾರು. ಮೂರನೆಯದು ಭಾವ ಬದಲಿಸುವುದು. ಭಾರೀ ಅನಾಹುತದ ಮುಂದೆ ಒಬ್ಬ ತಣ್ಣಗಿರುತ್ತಾನೆ, ಇಲ್ಲವೇ ಏನೂ ಅಲ್ಲದ್ದಕ್ಕೆ ಒಬ್ಬ ಆಕಾಶ ಪಾತಾಳ ಒಂದು ಮಾಡುತ್ತಾನೆ.

ನಮ್ಮ ಸಾಲಿಗೆ ಮೊದಲ ದಾರಿ ಹಿಡಿಯೋಣ. ಲೇಟು ಅಂತ ಸಾಬೀತು ಮಾಡಲು ಆಗದಂಥ ಜಾಗ ಯಾವುದು? ರೈಲ್ವೆ ಸ್ಟೇಷನ್? ಅಲ್ಲಿ ಸರಿಯಾದ ಟೈಮ್ ಕಣ್ಣೆದುರೇ ಇರುತ್ತದೆ. ಬಾಹ್ಯಾಕಾಶ ನೌಕೆ? ದೂರದ ಮಾತಾಯಿತು, ವಿವರಣೆ ಬೇಕಾಗುತ್ತದೆ. ಗಡಿಯಾರ ರಿಪೇರಿ ಅಂಗಡಿ? ಗೋಡೆ ತುಂಬ ಗಡಿಯಾರ, ಒಂದೊಂದರಲ್ಲೂ ಒಂದೊಂದು ಟೈಮ್. ಸಿಕ್ಕಿತು. ಕೆಲಸದ ಹುಡುಗ ತಡವಾಗಿ ಬಂದಿದ್ದಾನೆ, ಯಜಮಾನ ಗದರುತ್ತಿದ್ದಾನೆ.

ಒಂದು ಮಾತು. ಮೊದಲು ಹೊಳೆದ ಜಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡಿ, ಅದು ಎಲ್ಲರಿಗೂ ಹೊಳೆಯುವ ಜಾಗ. ತೆಂಗಿನಮರ ಇರುವ ನಿರ್ಜನ ದ್ವೀಪ, ಸ್ವರ್ಗದ ಬಾಗಿಲು, ಮನೋವೈದ್ಯರ ಸೋಫಾ ಇವು ಕಾರ್ಟೂನ್ ಲೋಕದಲ್ಲಿ ತುಳಿದು ತುಳಿದು ಸವೆದ ನೆಲ. ಅಲ್ಲಿ ಬರೆಯಬಾರದು ಅಂತಿಲ್ಲ. ಆದರೆ ಅಲ್ಲಿಗೆ ಹೋಗುವವರು ಕೈಯಲ್ಲಿ ಹೊಸದೊಂದು ಹಿಡಿದುಕೊಂಡೇ ಹೋಗಬೇಕು.

## ಹಂತ 3: ಯಾವ ಕ್ಷಣ ಅಂತ ತೀರ್ಮಾನಿಸಿ

ಹೆಚ್ಚಿನವರು ಕಾಲು ಜಾರುವುದು ಇಲ್ಲೇ. ಸ್ಟ್ರಿಪ್ ಬರೆಯುವವರಿಗೆ ಮೂರೋ ನಾಲ್ಕೋ ಚೌಕ ಇರುತ್ತವೆ. ನಿಮಗಿರುವುದು ಒಂದೇ ಕ್ಷಣ. ಹಾಗಾಗಿ ಒಂದೇ ಚೌಕ ಬರೆಯುವ ಹೆಚ್ಚಿನವರು ಘಟನೆ ನಡೆಯುತ್ತಿರುವಾಗಿನ ಅಬ್ಬರವನ್ನೇ ಆರಿಸುತ್ತಾರೆ: ಬೀಳುತ್ತಿರುವ ಮನುಷ್ಯ, ಒಡೆಯುತ್ತಿರುವ ಹೂಜಿ. ಆಗ ಓದುಗನ ಪಾಲಿಗೆ ಊಹಿಸಲು ಏನೂ ಉಳಿಯುವುದಿಲ್ಲ.

ಘಟನೆಗೆ ಸ್ವಲ್ಪ ಮುಂಚೆ ಅಥವಾ ಸ್ವಲ್ಪ ಆಮೇಲೆ ಚೌಕಟ್ಟು ಹಾಕಿ. ಅಮೆರಿಕದ ಕಾರ್ಟೂನಿಸ್ಟ್ ಪೀಟರ್ ಆರ್ನೊ 1941ರಲ್ಲಿ ದಿ ನ್ಯೂಯಾರ್ಕರ್ ಪತ್ರಿಕೆಗೆ ಬರೆದ ಪ್ರಸಿದ್ಧ ಕಾರ್ಟೂನ್ ಇದಕ್ಕೆ ಒಳ್ಳೆಯ ಮಾದರಿ. ವಿಮಾನ ಆಗಲೇ ಬಿದ್ದಿದೆ. ಜನರೆಲ್ಲ ಅದರ ಕಡೆಗೆ ಓಡುತ್ತಿದ್ದಾರೆ. ಒಬ್ಬ ಮಾತ್ರ ನಕ್ಷೆಯ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಎದುರು ದಿಕ್ಕಿಗೆ ನಡೆಯುತ್ತಿದ್ದಾನೆ, ಮತ್ತೆ ಡ್ರಾಯಿಂಗ್ ಬೋರ್ಡ್‌ಗೇ ಹೋಗಬೇಕು ಅನ್ನುವ ಅರ್ಥದ ಮಾತಾಡುತ್ತಾ. ವಿಮಾನ ಬೀಳುವುದನ್ನು ನಾವು ನೋಡಿಲ್ಲ. ಅವನು ಯಾರು ಅಂತ ಯಾರೂ ಹೇಳಿಲ್ಲ. ವಿಮಾನದ ನಕ್ಷೆ ಬರೆದವನು ಇವನೇ ಅಂತ ಆ ಸುರುಳಿ ನೋಡಿ ನಾವೇ ಲೆಕ್ಕ ಹಾಕಿಕೊಳ್ಳುತ್ತೇವೆ. ನಡಿಗೆಯ ದಿಕ್ಕು ಬದಲಿಸಿ ಅವನನ್ನೂ ವಿಮಾನದ ಕಡೆಗೆ ಓಡಿಸಿ ನೋಡಿ, ಜೋಕು ಅಲ್ಲೇ ಸಾಯುತ್ತದೆ.

ನಮ್ಮ ಅಂಗಡಿಗೆ ಬರೋಣ. ಹುಡುಗ ಓಡಿ ಬರುತ್ತಿರುವ ಕ್ಷಣ ಬೇಡ, ಯಜಮಾನ ಬಾಯಿ ತೆರೆದು ಕಿರುಚುವ ಕ್ಷಣವೂ ಬೇಡ. ಯಜಮಾನ ಬೈದು ಮುಗಿಸಿದ್ದಾನೆ, ಅವನ ಬೆರಳು ಇನ್ನೂ ಗೋಡೆಯ ಕಡೆಗೆ ಚಾಚಿದೆ. ಹುಡುಗ ಬಾಗಿಲ ಬಳಿ ನಿಂತು ಆ ಗೋಡೆಯನ್ನು ನಿಧಾನವಾಗಿ ನೋಡುತ್ತಿದ್ದಾನೆ. ಇದು ನಮ್ಮ ಕ್ಷಣ.

ಇದನ್ನು ಬೆರಳುದ್ದದ ಚೌಕದಲ್ಲಿ ಕಡ್ಡಿ ಮನುಷ್ಯರನ್ನು ಹಾಕಿ ಗೀಚಿ. ಒಂದಲ್ಲ, ನಾಲ್ಕೈದು ಗೀಚಿ. ಕಡ್ಡಿ ಚಿತ್ರದಲ್ಲಿ ಅರ್ಥವಾಗದ ಕ್ಷಣ ಚಂದದ ಚಿತ್ರದಲ್ಲೂ ಅರ್ಥವಾಗಲ್ಲ.

## ಹಂತ 4: ಅಡಿಬರಹವನ್ನು ಕತ್ತರಿಸುತ್ತಾ ಹೋಗಿ

ಇಂಕ್ ಮುಟ್ಟುವ ಮೊದಲೇ ಅಡಿಬರಹ ಮುಗಿದಿರಬೇಕು. ಮೊದಲ ಕರಡು ಉದ್ದ ಇರಲಿ ಪರವಾಗಿಲ್ಲ.

"ಸಾರ್, ನಾನು ಲೇಟಾಗಿ ಬಂದಿದ್ದೀನಿ ಅಂತೀರಿ, ಆದ್ರೆ ನಿಮ್ಮ ಅಂಗಡಿಯಲ್ಲಿ ಒಂದೊಂದು ಗಡಿಯಾರ ಒಂದೊಂದು ಟೈಮ್ ತೋರಿಸ್ತಿದೆಯಲ್ಲ!"

ಇದರಲ್ಲಿ ಚಿತ್ರ ಆಗಲೇ ಹೇಳಿದ್ದೆಲ್ಲ ಇದೆ. ಅಂಗಡಿ ಕಾಣುತ್ತಿದೆ, ಗಡಿಯಾರ ಕಾಣುತ್ತಿವೆ, ಬೇರೆ ಬೇರೆ ಟೈಮ್ ಕಾಣುತ್ತಿದೆ. ಕಣ್ಣಿಗೆ ಕಂಡಿದ್ದನ್ನು ಬಾಯಿಂದ ತೆಗೆಯಿರಿ.

"ಯಾವ ಗಡಿಯಾರ ನೋಡಿ ನನ್ನನ್ನು ಲೇಟು ಅಂತ ಹೇಳ್ತಿದ್ದೀರಿ ಸಾರ್?"

ಮೊದಲಿಗಿಂತ ವಾಸಿ. ಆದರೆ ಚುರುಕಾದ ಪದ ಮೊದಲೇ ಬಂದುಬಿಟ್ಟಿದೆ, ಬಾಲ ಉದ್ದ ಉಳಿದಿದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬಂದು ಕೂರುತ್ತದೆ. ಹಾಗಾಗಿ ಕಾರ್ಟೂನಿನ ಮಾತು ಎಷ್ಟೋ ಸಲ 'ಹೇಳ್ತಿದ್ದೀರಿ', 'ಆಗಿಬಿಟ್ಟಿದೆ', 'ಅನ್ಸುತ್ತೆ' ಅನ್ನುವ ಸಪ್ಪೆ ಪದಗಳಲ್ಲಿ ಮುಗಿಯುತ್ತದೆ. ತಿರುವು ಕೊಡುವ ಪದ ಕೊನೆಗೆ ಬರುವಂತೆ ವಾಕ್ಯವನ್ನು ಮುರಿಯಿರಿ. ಆಡುಮಾತಿನಲ್ಲಿ ನಾವು ಹೇಗೂ ಮುರಿದೇ ಮಾತಾಡುತ್ತೇವೆ, ಅಲ್ವಾ?

"ಲೇಟಾ ಸಾರ್? ಯಾವುದರಲ್ಲಿ?"

ಮೂರೇ ಪದ. 'ಗಡಿಯಾರ' ಅನ್ನುವ ಪದವೇ ಇಲ್ಲ. ಕೊನೆಯ ಪದ ಓದಿದ ಕೂಡಲೇ ಕಣ್ಣು ವಾಪಸ್ ಗೋಡೆಗೆ ಹೋಗುತ್ತದೆ. ಚಿತ್ರದಿಂದ ಮಾತಿಗೆ, ಮಾತಿನಿಂದ ಮತ್ತೆ ಚಿತ್ರಕ್ಕೆ. ನಗು ಬರುವುದು ಈ ಎರಡನೇ ಸಲ ನೋಡಿದಾಗ.

ಈಗ ಎರಡು ಪರೀಕ್ಷೆ ಮಾಡಿ. ಚಿತ್ರ ಮುಚ್ಚಿ ಅಡಿಬರಹ ಮಾತ್ರ ಓದಿ. ಅಷ್ಟಕ್ಕೇ ನಗು ಬಂದರೆ ನಿಮ್ಮ ಹತ್ತಿರ ಇರುವುದು ಜೋಕು, ಅದಕ್ಕೆ ಚಿತ್ರ ಬೇಕಿಲ್ಲ. ಆಮೇಲೆ ಅಡಿಬರಹ ಮುಚ್ಚಿ ಚಿತ್ರ ಮಾತ್ರ ನೋಡಿ. ಅಷ್ಟಕ್ಕೇ ಪೂರ್ತಿ ಅರ್ಥವಾದರೆ ಮಾತನ್ನು ಕಿತ್ತುಹಾಕಿ, ಮಾತಿಲ್ಲದ ಕಾರ್ಟೂನ್ ಇನ್ನೂ ಒಳ್ಳೆಯದು. ನಮ್ಮ ಉದಾಹರಣೆ ಎರಡನೇ ಪರೀಕ್ಷೆಯಲ್ಲಿ ಅಂಚಿನ ಮೇಲೆ ನಿಲ್ಲುತ್ತದೆ, ಒಪ್ಪುತ್ತೇನೆ. ಬರೀ ಬೆರಳು ತೋರಿಸುವ ಯಜಮಾನನೇ ಸ್ವಲ್ಪ ನಗು ತರಿಸುತ್ತಾನೆ. ಆದರೆ ಹುಡುಗನ ಮುಗ್ಧ ಪ್ರಶ್ನೆ ಇಲ್ಲದಿದ್ದರೆ ಗೆದ್ದವರು ಯಾರು ಅಂತ ಗೊತ್ತಾಗಲ್ಲ. ಹಾಗಾಗಿ ಮಾತು ಇರಲಿ.

ಅಡಿಬರಹದಲ್ಲಿ ಪದೇ ಪದೇ ಕಾಣುವ ತಪ್ಪುಗಳು:

- ಪುಸ್ತಕದ ಕನ್ನಡ. "ನಾನು ವಿಳಂಬವಾಗಿ ಆಗಮಿಸಿಲ್ಲ" ಅಂತ ಯಾವ ಅಂಗಡಿ ಹುಡುಗನೂ ಹೇಳಲ್ಲ. ಪಾತ್ರದ ಬಾಯಲ್ಲಿ ಬರುವ ಮಾತನ್ನೇ ಬರೆಯಿರಿ. ಬೇಕೆಂದೇ ಬಿಗಿಯಾದ ಭಾಷೆ ಇಟ್ಟು ನಗಿಸುವುದು ಬೇರೆ ವಿಷಯ.
- ಮೂರು ಆಶ್ಚರ್ಯಸೂಚಕ ಚಿಹ್ನೆ. ಪಾತ್ರ ತಣ್ಣಗೆ ಮಾತಾಡಿದಷ್ಟೂ ಓದುಗ ಜೋರಾಗಿ ನಗುತ್ತಾನೆ.
- ಇಬ್ಬರ ಸಂಭಾಷಣೆ. ಒಬ್ಬ ಕೇಳಿ ಇನ್ನೊಬ್ಬ ಉತ್ತರಿಸಿದರೆ ಅಲ್ಲಿ ಎರಡು ಕ್ಷಣ ಇವೆ, ನಿಮ್ಮ ಹತ್ತಿರ ಇರುವುದು ಒಂದೇ. ಒಬ್ಬನ ಮಾತನ್ನು ಅವನ ಭಂಗಿಗೆ ವರ್ಗಾಯಿಸಿ. ನಮ್ಮ ಯಜಮಾನನ ಬೈಗುಳ ಅವನ ಬೆರಳಿನಲ್ಲಿದೆ.

## ಹಂತ 5: ಪಾತ್ರಗಳನ್ನು ನಿಲ್ಲಿಸಿ

ಅಡಿಬರಹ ಚೌಕದ ಕೆಳಗಿದ್ದರೆ, ಮಾತಾಡುತ್ತಿರುವವರು ಯಾರು ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ನಿಯಮ ಸುಲಭ: ಒಬ್ಬರದ್ದೇ ಬಾಯಿ ತೆರೆದಿರಲಿ. ನಮ್ಮ ಚಿತ್ರದಲ್ಲಿ ಹುಡುಗನ ಬಾಯಿ ಸ್ವಲ್ಪ ತೆರೆದಿದೆ, ಯಜಮಾನನ ತುಟಿ ಬಿಗಿದಿದೆ. ಇದು ತಪ್ಪಿದರೆ ಮಾತು ಯಜಮಾನನದ್ದು ಅಂತ ಓದಿಕೊಂಡು ಜನ ಗೊಂದಲಕ್ಕೆ ಬೀಳುತ್ತಾರೆ.

ಮೂರನೆಯ ಪಾತ್ರ ಬೇಕಾ? ಬೇಕಾದರೆ ಅವನಿಗೆ ಕೆಲಸ ಕೊಡಿ. ಆರ್.ಕೆ. ಲಕ್ಷ್ಮಣ್ 1951ರಿಂದ ಟೈಮ್ಸ್ ಆಫ್ ಇಂಡಿಯಾದಲ್ಲಿ ಬರೆದ ಪಾಕೆಟ್ ಕಾರ್ಟೂನುಗಳ ಶ್ರೀಸಾಮಾನ್ಯನನ್ನು ನೆನಪಿಸಿಕೊಳ್ಳಿ. ಅವನು ಮಾತೇ ಆಡುವುದಿಲ್ಲ. ಬೇರೆಯವರು ಮಾತಾಡುತ್ತಾರೆ, ಅವನು ನೋಡುತ್ತಾನೆ. ಓದುಗನಿಗೆ ಚಿತ್ರದೊಳಗೆ ನಿಲ್ಲಲು ಒಂದು ಜಾಗ ಸಿಗುವುದು ಆ ಬೆರಗಿನ ಮುಖದಿಂದ. ಇಂಥ ಸಾಕ್ಷಿ ಪಾತ್ರ ಬೇಕಾಗುವುದು ಮಾತಾಡುವವನು ತನ್ನ ಮಾತಿನ ಅಸಂಬದ್ಧತೆ ತನಗೇ ಗೊತ್ತಿಲ್ಲದೆ ಆಡುವಾಗ. ನಮ್ಮ ಹುಡುಗನಿಗೆ ತಾನೇನು ಹೇಳುತ್ತಿದ್ದೇನೆ ಅಂತ ಗೊತ್ತು, ಹಾಗಾಗಿ ಇಬ್ಬರೇ ಸಾಕು.

ಇನ್ನು ವಸ್ತುಗಳು. ಚೌಕದೊಳಗೆ ಇಟ್ಟ ಪ್ರತಿಯೊಂದನ್ನೂ ಓದುಗ ಸುಳಿವು ಅಂತಲೇ ಓದುತ್ತಾನೆ. 1982ರಲ್ಲಿ ಅಮೆರಿಕದ ಕಾರ್ಟೂನಿಸ್ಟ್ ಗ್ಯಾರಿ ಲಾರ್ಸನ್ ಒಂದು ಹಸು ಮೇಜಿನ ಹಿಂದೆ ನಿಂತಿರುವ ಚಿತ್ರ ಬರೆದರು. ಮೇಜಿನ ಮೇಲೆ ವಿಚಿತ್ರ ಆಕಾರದ ನಾಲ್ಕು ಸಲಕರಣೆ. ಹಸುಗಳು ಸಲಕರಣೆ ಮಾಡಿದರೆ ಹೀಗೆ ಒಡ್ಡೊಡ್ಡಾಗಿ ಇರುತ್ತವೆ ಅನ್ನುವುದಷ್ಟೇ ಜೋಕು. ಆದರೆ ಅದರಲ್ಲಿ ಒಂದು ಗರಗಸದ ಹಾಗೆ ಕಾಣುತ್ತಿತ್ತು. ಸರಿ, ಉಳಿದ ಮೂರು ಯಾವುವು ಅಂತ ಓದುಗರು ತಲೆ ಕೆಡಿಸಿಕೊಂಡರು. ಪತ್ರಗಳು ಎಷ್ಟು ಬಂದವು ಅಂದರೆ ಲಾರ್ಸನ್ ಪತ್ರಿಕೆಗಳಿಗೆ ವಿವರಣೆ ಕೊಡಬೇಕಾಯಿತು. ಅರ್ಥವಿಲ್ಲದ ವಸ್ತುಗಳ ನಡುವೆ ಅರ್ಥವಿರುವುದೊಂದನ್ನು ಇಟ್ಟಿದ್ದೇ ಎಡವಟ್ಟಾಯಿತು.

ನಮ್ಮ ಚಿತ್ರದಲ್ಲಿ ಇಂಥ ಗುಂಡಿಗಳು ಎಲ್ಲಿವೆ ನೋಡಿ.

ಗಡಿಯಾರಗಳನ್ನು ಒಂದೇ ಅಳತೆಯಲ್ಲಿ ಸಾಲಾಗಿ ಜೋಡಿಸಿದರೆ, ಬೇರೆ ಬೇರೆ ದೇಶದ ಟೈಮ್ ತೋರಿಸುವ ಹೋಟೆಲ್ ಗೋಡೆ ಅನ್ನಿಸುತ್ತದೆ. ಆದ್ದರಿಂದ ಗಾತ್ರ ಬೇರೆ ಬೇರೆ ಇರಲಿ, ಒಂದು ಸ್ವಲ್ಪ ಓರೆಯಾಗಿ ತೂಗಲಿ, ಒಂದರ ಹೊಟ್ಟೆ ಬಿಚ್ಚಿ ಮೇಜಿನ ಮೇಲೆ ಬಿದ್ದಿರಲಿ, ಪಕ್ಕದಲ್ಲಿ ಸಣ್ಣ ಸ್ಕ್ರೂಡ್ರೈವರ್. ರಿಪೇರಿ ಅಂಗಡಿ ಅಂತ ಬೋರ್ಡ್ ಬರೆಯುವ ಕೆಲಸ ತಪ್ಪಿತು. ಮೂರು ಗಡಿಯಾರ ಕಡಿಮೆಯಾಯಿತು, ಇಪ್ಪತ್ತು ಅಚ್ಚಿನಲ್ಲಿ ಕಲಸಿಹೋಗುತ್ತದೆ, ಎಂಟೊಂಬತ್ತು ಸಾಕು. ಅಂಕಿ ಬೇಡ, ಮುಳ್ಳುಗಳು ದಪ್ಪಗಿರಲಿ. ಯಾವ ಎರಡು ಗಡಿಯಾರದ ಮುಳ್ಳೂ ಒಂದೇ ಕೋನದಲ್ಲಿ ಇರದಿರಲಿ.

ಯಜಮಾನನ ಕೈಯಲ್ಲಿ ವಾಚು ಇರಬಾರದು. ಇದ್ದರೆ ಒಬ್ಬ ಓದುಗನಾದರೂ "ಅವನ ವಾಚು ನೋಡಬಹುದಿತ್ತಲ್ಲ" ಅಂತಾನೆ, ಅಲ್ಲಿಗೆ ಜೋಕಿನ ಬುಡ ಅಲುಗಾಡುತ್ತದೆ. ಇಂಥ ಸಣ್ಣ ತೂತು ಮುಚ್ಚುವುದರಲ್ಲೇ ಅರ್ಧ ಕೆಲಸ ಇರುವುದು.

ಎಚ್ಚರಿಕೆಯ ಗುರುತು: ಅರ್ಥ ಮಾಡಿಸಲು ವಸ್ತುಗಳ ಮೇಲೆ ಹೆಸರು ಬರೆಯಬೇಕಾಗಿ ಬಂದರೆ, ಆನೆಯ ಹೊಟ್ಟೆಯ ಮೇಲೆ 'ಬೆಲೆ ಏರಿಕೆ' ಅಂತ ಬರೆದ ಹಾಗೆ, ಎರಡನೇ ಹಂತಕ್ಕೆ ವಾಪಸ್ ಹೋಗಿ. ಇನ್ನೊಂದು: ನಗು ಹುಟ್ಟುವುದು ಪಾತ್ರದ ಮೈಬಣ್ಣ, ದಪ್ಪ, ಅಂಗವೈಕಲ್ಯ ಅಥವಾ ಉಚ್ಚಾರದಿಂದ ಮಾತ್ರವೇ ಆಗಿದ್ದರೆ ಅಲ್ಲಿ ಐಡಿಯಾ ಇಲ್ಲ ಅಂತಲೇ ಅರ್ಥ. ಅದನ್ನು ತೆಗೆದು ನೋಡಿ, ಏನು ಉಳಿಯುತ್ತದೆ?

## ಹಂತ 6: ರಫ್‌ನಿಂದ ಇಂಕಿಗೆ

ಯಾವ ಅಗಲಕ್ಕೆ ಅಚ್ಚಾಗುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ. ಅದರ ಒಂದೂವರೆ ಅಥವಾ ಎರಡು ಪಟ್ಟು ದೊಡ್ಡದಾಗಿ ಬರೆಯಿರಿ. ಅಚ್ಚಿನಲ್ಲಿ 8 ಸೆಂಟಿಮೀಟರ್ ಆದರೆ ನೀವು 16ರಲ್ಲಿ ಬರೆಯಬಹುದು. ಆದರೆ ನೆನಪಿಡಿ, ಕುಗ್ಗುವಾಗ ಗೆರೆಯೂ ಕುಗ್ಗುತ್ತದೆ. 0.3 ಮಿಲಿಮೀಟರ್ ಗೆರೆ ಅಲ್ಲಿ 0.15 ಆಗುತ್ತದೆ. ನ್ಯೂಸ್‌ಪ್ರಿಂಟ್ ಕಾಗದ ಇಂಕನ್ನು ಹೀರಿ ಹರಡಿಸುತ್ತದೆ, ಒತ್ತೊತ್ತಾಗಿ ಎಳೆದ ಅಡ್ಡಗೆರೆಗಳು ಸೇರಿಕೊಂಡು ಕಪ್ಪು ಮಚ್ಚೆಯಾಗುತ್ತವೆ. ನೆರಳಿಗೆ ಗೆರೆ ಕಡಿಮೆ ಹಾಕಿ, ಅಂತರ ಜಾಸ್ತಿ ಬಿಡಿ.

ಮೂರು ಪೆನ್ನುಗಳ ಹಂಚಿಕೆ ಹೀಗಿರಲಿ: ಪಾತ್ರಗಳ ಹೊರಗೆರೆಗೆ 0.8, ಮುಖ ಮತ್ತು ಕೈಗೆ 0.5, ಹಿನ್ನೆಲೆಗೆ 0.3. ಅಪ್ಪಟ ಕಪ್ಪು ಒಂದೇ ಜಾಗದಲ್ಲಿ ತುಂಬಿ, ಕಣ್ಣು ಮೊದಲು ಹೋಗಬೇಕಾದ ಕಡೆ. ಇಲ್ಲಿ ಅದು ಯಜಮಾನನ ಕೋಟು. ಆ ಕಪ್ಪು ತೋಳಿನ ಜಾಡು ಹಿಡಿದು ಕಣ್ಣು ಬೆರಳಿಗೆ, ಬೆರಳಿಂದ ಗೋಡೆಗೆ ಹೋಗುತ್ತದೆ.

ಎಡದಿಂದ ಬಲಕ್ಕೆ ಓದುವವರು ಚಿತ್ರವನ್ನೂ ಹೆಚ್ಚುಕಡಿಮೆ ಹಾಗೇ ನೋಡುತ್ತಾರೆ. ಆದ್ದರಿಂದ ಯಜಮಾನ ಎಡಕ್ಕೆ, ಗೋಡೆ ನಡುವೆ, ಹುಡುಗ ಬಲಕ್ಕೆ. ಹುಡುಗನನ್ನು ಎಡಕ್ಕೆ ಹಾಕಿದರೆ ಗದರಿಕೆಗಿಂತ ಮೊದಲೇ ಉತ್ತರ ಕಂಡಂತಾಗುತ್ತದೆ.

ಅಡಿಬರಹವನ್ನು ಕೈಯಲ್ಲೇ ಬರೆಯುವುದಾದರೆ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ. ಕನ್ನಡದ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲಿ ಓದಲು ಆಗುವುದಿಲ್ಲ. ಮಾತಿನ ಬಲೂನು ಹಾಕುವವರು ಮೊದಲು ಅಕ್ಷರ ಬರೆದು ಆಮೇಲೆ ಸುತ್ತ ಬಲೂನು ಎಳೆಯಬೇಕು. ಉಲ್ಟಾ ಮಾಡಿದರೆ ಕೊನೆಯ ಪದ ಯಾವಾಗಲೂ ಹಿಂಡಿಹೋಗುತ್ತದೆ, ನಮಗೆ ಬೇಕಾದ ಪದವೇ ಅದು.

ಇಂಕ್ ಒಣಗಿದ ಮೇಲೆ ಪೆನ್ಸಿಲ್ ಗೆರೆ ಅಳಿಸಿ. ಫೋನಿನಲ್ಲಿ ಫೋಟೋ ತೆಗೆದು, ಅಚ್ಚಿನ ಗಾತ್ರಕ್ಕೆ ಕುಗ್ಗಿಸಿ, ಕೈ ಚಾಚಿ ಹಿಡಿದು ನೋಡಿ. ಹುಡುಗನ ಕಣ್ಣು ಎತ್ತ ನೋಡುತ್ತಿದೆ ಅಂತ ತಿಳಿಯದಿದ್ದರೆ ಕಣ್ಣನ್ನು ದೊಡ್ಡದು ಮಾಡಬೇಕು.

## ಹಂತ 7: ಬಾಯಿ ಮುಚ್ಚಿಕೊಂಡು ತೋರಿಸಿ

ಶುರುವಿನಲ್ಲಿ ಹೇಳಿದ, ಮೆಚ್ಚಿಸುವ ಹಂಗಿಲ್ಲದ ಆ ಇಬ್ಬರಿಗೆ ಒಬ್ಬೊಬ್ಬರಾಗಿ ತೋರಿಸಿ. "ಇದರಲ್ಲಿ ಏನಾಗಿದೆ ಅಂದ್ರೆ" ಅಂತ ಶುರು ಮಾಡಿದಿರೋ, ಆ ಓದುಗ ಪರೀಕ್ಷೆಗೆ ಉಪಯೋಗವಿಲ್ಲ. ಕಾಗದ ಕೊಟ್ಟು ಅವರ ಮುಖ ನೋಡಿ.

ಎರಡು ಮೂರು ಸೆಕೆಂಡಿನಲ್ಲಿ ತುಟಿ ಅಲುಗಿದರೆ ಗೆದ್ದಿರಿ. "ಚಿತ್ರ ಎಷ್ಟು ಚೆನ್ನಾಗಿ ಬರೆದಿದ್ದೀಯ" ಅಂದರೆ ಅದು ಸೋಲು, ಮರ್ಯಾದೆಗೆ ಹೇಳಿದ್ದು. "ಇವನ್ಯಾರು?" ಅಂದರೆ ಐದನೇ ಹಂತ ಕೆಟ್ಟಿದೆ. "ಓ, ಗೊತ್ತಾಯ್ತು" ಅಂತ ನಗದೆ ಹೇಳಿದರೆ ಒಗಟು ಬಿಡಿಸಿದ್ದಾರೆ, ಅಷ್ಟೇ. ಮಾತಿನಲ್ಲಿ ಬಚ್ಚಿಟ್ಟಿದ್ದು ಜಾಸ್ತಿಯಾಗಿದೆ, ಒಂದು ಸುಳಿವು ಚಿತ್ರಕ್ಕೆ ಸೇರಿಸಿ. ನೀವು ಅಂದುಕೊಳ್ಳದ ಜಾಗಕ್ಕೆ ನಕ್ಕರೆ ವಾದ ಮಾಡಬೇಡಿ. ಅಲ್ಲೇ ಇನ್ನೊಂದು ಕಾರ್ಟೂನ್ ಇರಬಹುದು.

ಸುದ್ದಿಯ ಮೇಲೆ ಬರೆದದ್ದಾದರೆ ಇನ್ನೂ ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಸುದ್ದಿ ಗೊತ್ತಿಲ್ಲದವನಿಗೆ ಎಷ್ಟು ಹೇಳಬೇಕು? ಒಂದು ವಾಕ್ಯಕ್ಕಿಂತ ಜಾಸ್ತಿ ಬೇಕಾದರೆ ನಾಳೆ ಬೆಳಿಗ್ಗೆ ಅಚ್ಚಾಗುವ ಹೊತ್ತಿಗೆ ಅದು ಆರಿಹೋಗಿರುತ್ತದೆ.

## ಹಂತ 8: ಕಳಿಸುವುದು

ಬರೀ ಕಪ್ಪು ಬಿಳುಪು ಗೆರೆಯಾದರೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಅಳತೆ) ಅಥವಾ ಅದಕ್ಕಿಂತ ಹೆಚ್ಚಿಗೆ ಸ್ಕ್ಯಾನ್ ಮಾಡಿ. ಬೂದು ಛಾಯೆ ಇದ್ದರೆ ಅಚ್ಚಿನ ಗಾತ್ರದಲ್ಲಿ 300 ಸಾಕು. ಒಂದೊಂದೇ ಕಳಿಸುವ ಬದಲು ನಾಲ್ಕೈದನ್ನು ಒಟ್ಟಿಗೆ ಕಳಿಸಿ, ಸಂಪಾದಕರಿಗೆ ಆರಿಸಲು ಅವಕಾಶ ಸಿಗುತ್ತದೆ. ಜೊತೆಗೆ ಜೋಕಿನ ವಿವರಣೆ ಬರೆಯಬೇಡಿ.

ಅಡಿಬರಹವನ್ನು ಮೇಲ್‌ನಲ್ಲಿ ಬೇರೆಯಾಗಿ ಟೈಪ್ ಮಾಡಿದರೂ, ಚಿತ್ರದ ಫೈಲ್‌ನಲ್ಲೂ ಚೌಕದ ಕೆಳಗೇ ಸೇರಿಸಿಡಿ. ಬೇರೆ ಬೇರೆ ಇದ್ದರೆ ಪುಟ ಕಟ್ಟುವಾಗ ಅದಲುಬದಲಾಗಬಹುದು. ಅಮೆರಿಕದ ಪತ್ರಿಕೆಯೊಂದರಲ್ಲಿ ಒಮ್ಮೆ ಲಾರ್ಸನ್ ಅವರ ಕಾರ್ಟೂನಿನ ಅಡಿಬರಹ ಪಕ್ಕದ 'ಡೆನ್ನಿಸ್ ದಿ ಮೆನೇಸ್' ಕಾರ್ಟೂನಿಗೂ, ಅದರದ್ದು ಇವರ ಚಿತ್ರಕ್ಕೂ ಅಚ್ಚಾಗಿಬಿಟ್ಟಿತ್ತು. ಲಾರ್ಸನ್ ಚಿತ್ರದಲ್ಲಿ ಊಟದ ಮೇಜಿಗೆ ಕೂತ ಮರಿ ಹಾವು, ಸ್ಯಾಂಡ್‌ವಿಚ್ ಮಾಡಲು ಕಲಿತಿದ್ದು ಒಳ್ಳೇದಾಯಿತು, ಇಲ್ಲದಿದ್ದರೆ ಉಪವಾಸ ಸಾಯುತ್ತಿದ್ದೆವು ಅನ್ನುವಂತಾಯಿತು. ಅತ್ತ ತುಂಟ ಹುಡುಗ ಡೆನ್ನಿಸ್, ಇವತ್ತೂ ಹ್ಯಾಮ್‌ಸ್ಟರ್ (ಇಲಿಯಂಥ ಸಣ್ಣ ಪ್ರಾಣಿ) ಊಟವೇನಾ ಅಂತ ಗೊಣಗಿದ. ಆ ಎರಡು ಕಾರ್ಟೂನುಗಳಿಗೆ ಅದೃಷ್ಟ ಇತ್ತು, ಹೀಗಾಗಿದ್ದೇ ಇನ್ನೂ ತಮಾಷೆಯಾಗಿತ್ತು. ನೀವು ಅದೃಷ್ಟದ ಮೇಲೆ ಬಿಡದೆ ಫೈಲ್ ಒಮ್ಮೆ ತೆರೆದು ನೋಡಿ ಕಳಿಸಿ.